ಕೆಳಗಿನವನ ಹೂಂ

ಗಂಡ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಇಕ್ಬಾಲ್ ಬೇಗಂ ‘ನೀರು ತೊಳೆಯುತ್ತಾರೆ’ ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಕೇಳಿದವರು ನಗುತ್ತಿದ್ದರು. ನೀರಿನಿಂದ ಲೋಕವನ್ನೆಲ್ಲ ತೊಳೆಯುತ್ತಾರೆ, ನೀರನ್ನೇ ತೊಳೆಯುವವನು ಯಾವನಪ್ಪ ಎಂದು. ನಗುವವರು ನಗಲಿ. ವಿಚಾರ ಮಾಡಿ ನೋಡಿದರೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಅವಳ ಗಂಡ ಇಮಾಮುದ್ದೀನನಿಗೆ ಈಗ ಐವತ್ನಾಲ್ಕು. ಕಲಬುರಗಿಯಂಥ ಊರಿನಲ್ಲಿ, ಮೇ ತಿಂಗಳಲ್ಲಿ ಕಾಗೆಗಳೂ ಬಾಯಿ ತೆರೆದುಕೊಂಡು ಕೂರುವಲ್ಲಿ, ಅವನು ಮೂರು ಈಜುಕೊಳಗಳನ್ನು ನೋಡಿಕೊಳ್ಳುತ್ತಿದ್ದ. ಒಂದು ಸೇಡಂ ರಸ್ತೆಯ ಅಪಾರ್ಟ್‌ಮೆಂಟಿನದು, ಒಂದು ಶರಣಸಿರಸಗಿ ಕಡೆಯ ಶಾಲೆಯದು, ಇನ್ನೊಂದು ಕಮಲಾಪುರದ ಕೆಂಪು ಬಾಳೆಯ ತೋಟದ ನಡುವೆ ಇರುವ ಒಬ್ಬ ಗುತ್ತಿಗೆದಾರರ ತೋಟದ ಮನೆಯದು. ಹಳೆಯ ಮೊಪೆಡ್ಡಿಗೆ ಉದ್ದನೆಯ ಕೋಲು, ಅದರ ತುದಿಗೆ ಬಲೆ ಕಟ್ಟಿಕೊಂಡು ಬ್ರಹ್ಮಪುರದ ಸಂದಿಗಳಲ್ಲಿ ಹಾಯ್ದು ಹೋಗುವಾಗ ಚಹಾದ ಅಂಗಡಿಯವರು ಇವತ್ತು ಎಷ್ಟು ಮೀನು ಸಿಕ್ಕವು ಎಂದು ತಪ್ಪದೆ ಕೇಳುತ್ತಿದ್ದರು. ಅವನೂ ತಪ್ಪದೆ ಎರಡು ಕಿಲೋ ಎನ್ನುತ್ತಿದ್ದ.

ಎಲೆ ಎತ್ತುವುದು, ತಳ ತಿಕ್ಕುವುದು, ಇಷ್ಟೇ ಕೆಲಸ ಎಂದು ತಿಳಿದವರಿಗೆ ಏನು ಹೇಳಬೇಕು? ಮೋಟಾರು ಕೆಟ್ಟರೆ ಬಿಚ್ಚಿ ಕಟ್ಟಬೇಕು, ಪೈಪು ಒಡೆದರೆ ಬೆಸೆಯಬೇಕು, ಟೈಲ್ಸ್ ಕಿತ್ತುಬಂದರೆ ಗಾರೆಯವನಾಗಬೇಕು. ನೀರಿನೊಳಗಿನ ದೀಪಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು ಅದರ ಪೆಟ್ಟಿಗೆಯ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಯಾಕೆಂದರೆ ಕರೆಂಟು ಹೋಗಿದೆಯೆಂದು ಬಂದು ಸ್ವಿಚ್ ಹಾಕುವ ಪುಣ್ಯಾತ್ಮರು ಪ್ರತಿ ಮನೆಯಲ್ಲೂ ಇರುತ್ತಾರೆ. ಕಮಲಾಪುರದಲ್ಲಂತೂ ಬೆಳಿಗ್ಗೆ ಬಲೆ ಹಾಕುವ ಮೊದಲು ಒಂದು ಸುತ್ತು ಹಾಕಿ ನೋಡಬೇಕು. ತೋಟದ ಹಾವುಗಳು ನೀರು ಕುಡಿಯಲು ಬಂದು ಜಾರಿ ಬಿದ್ದು, ಮೇಲೆ ಹತ್ತಲಾಗದೆ ಗೋಡೆಯುದ್ದಕ್ಕೂ ಈಜುತ್ತಿರುತ್ತವೆ. ಇಮಾಮುದ್ದೀನ್ ಅವುಗಳಿಗೆ ಒಂದು ಹಲಗೆ ಇಳಿಬಿಟ್ಟು ದೂರ ಹೋಗಿ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವುದರೊಳಗೆ ಹಾವು ಹೋಗಿರುತ್ತಿತ್ತು.

ಒಮ್ಮೆ ಆ ಗುತ್ತಿಗೆದಾರರು, ಕೊಳ ಸೋರುತ್ತಿದೆ, ಕಟ್ಟಿದವನನ್ನು ಕೋರ್ಟಿಗೆ ಎಳೆಯುತ್ತೇನೆ ಎಂದು ಕುಣಿಯತೊಡಗಿದರು. ಇಮಾಮುದ್ದೀನ್ ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಟ್ಟ. ಬಕೆಟ್ಟಿನ ನೀರಿಗೊಂದು ಗೆರೆ, ಕೊಳದ ನೀರಿಗೊಂದು ಗೆರೆ ಎಳೆದ. ಮರುದಿನ ನೋಡಿದರೆ ಎರಡೂ ಅರ್ಧ ಬೆರಳಿನಷ್ಟು ಇಳಿದಿದ್ದವು. ಸೋರುವುದಾದರೆ ಕೊಳ ಸೋರಬೇಕು, ಬಕೆಟ್ಟು ಯಾಕೆ ಸೋರುತ್ತದೆ? ಕುಡಿದವನು ಮೇಲಿದ್ದಾನೆ ಎಂದು ಸೂರ್ಯನನ್ನು ತೋರಿಸಿದ. ಗುತ್ತಿಗೆದಾರರು ಆವತ್ತಿನಿಂದ ಅವನನ್ನು ಇಂಜಿನಿಯರ್ ಸಾಹೇಬ ಎಂದೇ ಕರೆಯುತ್ತಾರೆ.

ನಮ್ಮ ಕಡೆಯ ನೀರಿನ ಗುಣವೂ ಗೊತ್ತಿರಬೇಕು. ನೆಲದ ತುಂಬ ಸುಣ್ಣದ ಕಲ್ಲು. ಬೋರಿನ ನೀರು ತಿಂಗಳೊಪ್ಪತ್ತಿನಲ್ಲಿ ಟೈಲ್ಸಿಗೆ ಬೆಳ್ಳನೆಯ ಹೊಪ್ಪಳೆ ಕಟ್ಟಿಸುತ್ತದೆ. ಅದಕ್ಕೆ ಆಸಿಡ್ ಬೇಕು. ನೀರಿನ ಹುಳ, ಪಾಚಿ ಸಾಯಿಸಲು ಕ್ಲೋರಿನ್ ಪುಡಿ ಬೇಕು. ಎರಡೂ ಒಳ್ಳೆಯವೇ, ಆದರೆ ಸವತಿಯರು. ಒಂದೇ ಪಾತ್ರೆಗೆ ಬಿದ್ದರೆ ಹೊಗೆಯೆದ್ದು, ಆ ಹೊಗೆ ಎದೆಗೆ ಹೋದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಈ ಸವತಿಯರನ್ನು ದೂರ ಇಡಲು ಇಮಾಮುದ್ದೀನನಿಗೆ ಇದ್ದ ಆಧಾರ ಅವನ ಮೂಗು.

ಅಂಥಿಂಥ ಮೂಗಲ್ಲ. ಗೇಟಿನಲ್ಲಿ ನಿಂತೇ ಇವತ್ತು ನೀರು ಹುಳಿಯಾಗಿದೆ, ಇಲ್ಲಿ ಪಂಪಿನ ಬೇರಿಂಗ್ ಸುಡುತ್ತಿದೆ ಎಂದು ಹೇಳುತ್ತಿದ್ದ. ಶಾಲೆಯವರು ಅವನಿಗೆ ಕೆಲಸ ಕೊಟ್ಟದ್ದೇ ಆ ಮೂಗು ನೋಡಿ. ಆದರೆ ಕೊರೋನಾದ ಎರಡನೆಯ ಅಲೆಯಲ್ಲಿ ಹತ್ತು ದಿನ ಜ್ವರ ಬಂದು ಹೋಯಿತು, ಹೋಗುವಾಗ ಮೂಗನ್ನೂ ಹೊತ್ತುಕೊಂಡು ಹೋಯಿತು. ಎಲ್ಲರಿಗೂ ತಿಂಗಳಲ್ಲಿ, ಎರಡು ತಿಂಗಳಲ್ಲಿ ತಿರುಗಿ ಬಂದ ವಾಸನೆ ಅವನಿಗೆ ಬರಲೇ ಇಲ್ಲ. ಒಲೆಯ ಮುಂದೆಯೇ ಕೂತಿದ್ದವನು ಹಾಲು ಉಕ್ಕಿ ಸೀದರೂ ಅಲುಗದೆ ಇದ್ದ ದಿನ ಇಕ್ಬಾಲ್ ಬೇಗಂಗೆ ತಿಳಿಯಿತು. ಮಾಲೀಕರಿಗೆ ಹೇಳಿಬಿಡಿ ಎಂದಳು. ಅವನು ಹೇಳುತ್ತೇನೆ ಎಂದ. ಹೇಳಿದರೆ ಮೂಗಿಲ್ಲದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಈ ವಯಸ್ಸಿನಲ್ಲಿ ಯಾವ ಕೆಲಸ ಕಲಿಯಲಿ? ಹಾಗೆ ಹೇಳುತ್ತೇನೆ ಹೇಳುತ್ತೇನೆ ಎನ್ನುತ್ತಲೇ ನಾಲ್ಕು ವರ್ಷ ಕಳೆದವು.

ಮೂಗಿನ ಬದಲಿಗೆ ಅವನು ಒಂದು ದಾರ ಕಟ್ಟಿಕೊಂಡ. ಸೇಡಂ ರಸ್ತೆಯ ಪಂಪ್ ರೂಮಿನಲ್ಲಿ ಎರಡು ಮಗ್ಗುಗಳಿದ್ದವು, ಎರಡೂ ಒಂದೇ ಥರದ ಬಿಳಿ ಪ್ಲಾಸ್ಟಿಕ್ಕಿನವು. ಆಸಿಡ್ಡಿನ ಮಗ್ಗಿನ ಹಿಡಿಕೆಗೆ ಕೆಂಪು ದಾರ ಕಟ್ಟಿದ. ಪುಡಿಯದಕ್ಕೆ ಏನೂ ಇಲ್ಲ. ನೋಡಬೇಕಾಗಿಯೂ ಇರಲಿಲ್ಲ, ಬೆರಳಿಗೆ ದಾರ ತಾಗಿದರೆ ಸಾಕು.

ಇನ್ನು ಅವನ ಗುರುವಿನ ಮಾತು ಹೇಳದೆ ಕಥೆ ಮುಂದೆ ಹೋಗದು. ಇಮಾಮುದ್ದೀನ್ ಹದಿನೆಂಟರ ಹುಡುಗನಾಗಿದ್ದಾಗ ಕಮಲಾಪುರದ ಖಂಡೆಪ್ಪನ ಜೊತೆ ಬಾವಿಯ ಹೂಳು ತೆಗೆಯಲು ಹೋಗುತ್ತಿದ್ದ. ಹಳೆಯ ಬಾವಿಯ ತಳದಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಇಳಿದವನು ಕೂಗಿಕೊಳ್ಳುವುದಕ್ಕೂ ಸಮಯ ಸಿಗದು. ಅದಕ್ಕೆ ಖಂಡೆಪ್ಪನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಇಳಿಯುವವನ ನಡುವಿಗೆ ಹಗ್ಗ. ಹಗ್ಗದ ಇನ್ನೊಂದು ತುದಿ ಹಿಡಿದು ಮೇಲೆ ಕೂತವನು ಒಂದು ಕಥೆ ಹೇಳುತ್ತಲೇ ಇರಬೇಕು. ಕೆಳಗಿನವನು ಪ್ರತಿ ಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆ ಬಿಟ್ಟು ಹಗ್ಗ ಎಳೆಯಬೇಕು, ತಾನು ಮಾತ್ರ ಇಳಿಯಬಾರದು. ಬರೀ ‘ಇದ್ದೀಯಾ, ಇದ್ದೀಯಾ’ ಎಂದು ಕೇಳುತ್ತಿದ್ದರೆ ಸಾಲದೇ ಎಂದರೆ ಸಾಲದು. ಹಾಗೆ ಕೇಳುವವನಿಗೆ ಹತ್ತು ಸಲಕ್ಕೆ ಬೇಸರ ಬರುತ್ತದೆ. ಕಥೆ ಹೇಳುವವನಿಗೆ ಹೂಂ ಬಾರದಿದ್ದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದವನು ಬಗ್ಗಿ ನೋಡುತ್ತಾನೆ.

ಹೂಂ ಅನ್ನುವುದು ಮೊದಲನೆಯ ನಿಯಮ. ಎರಡನೆಯದನ್ನು ಖಂಡೆಪ್ಪ ಇಮಾಮುದ್ದೀನನ ಕಿವಿ ಹಿಂಡಿ ಕಲಿಸಿದ್ದ. “ತೆಳಗ ಇಳಿಯಾಂವ ಮ್ಯಾಲಿನವಗ ಸುಳ್ಳ ಹೇಳಬಾರದು, ತಮ್ಮಾ. ಜ್ವರ ಇದ್ರ ಜ್ವರ ಅದ ಅನ್ನು. ಅಂಜಿಕಿ ಬಂದ್ರ ಅಂಜಿಕಿ ಅದ ಅನ್ನು.”

ಮೊದಲನೆಯದನ್ನು ಇಮಾಮುದ್ದೀನ್ ಚಾಚೂ ತಪ್ಪದೆ ಪಾಲಿಸಿದ. ಎರಡನೆಯದು ನಿಮಗೆ ಗೊತ್ತೇ ಇದೆ.

ಸೇಡಂ ರಸ್ತೆಯ ಪಂಪ್ ರೂಮು ನೆಲದ ಕೆಳಗಿದೆ. ಒಂದು ಕಬ್ಬಿಣದ ಮುಚ್ಚಳ ಎತ್ತಿ, ಏಳು ಮೆಟ್ಟಿಲ ಏಣಿ ಇಳಿದು ಹೋಗಬೇಕು. ಮೇಲೆ ಕೂರಲು ಅವನಿಗೆ ಸಿಕ್ಕವಳು ಜಯದೇವಿ. ಆ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ವರ್ಷದಿಂದ ಕಸ ಗುಡಿಸಿ, ಗಿಡಗಳಿಗೆ ನೀರು ಹಾಕುವವಳು. ಶರಣಸಿರಸಗಿಯವಳು, ಬಾಯಿ ಸ್ವಲ್ಪ ಜೋರು. ನೀವು ಮೇಲೆ ಕೂತು ಕಥೆ ಹೇಳಬೇಕು ಎಂದು ಮೊದಲ ದಿನ ಇಮಾಮುದ್ದೀನ್ ಕೇಳಿದಾಗ ಅವಳು ಅವನ ತಲೆ ಕೆಟ್ಟಿದೆ ಎಂದುಕೊಂಡಳು. ಎರಡನೆಯ ವಾರಕ್ಕೆ ಅವಳಿಗೇ ರುಚಿ ಹತ್ತಿತು. ಮನೆಯಲ್ಲಿ ಅವಳು ಬಾಯಿ ತೆರೆದರೆ ಎಲ್ಲರೂ ಟೀವಿಯ ಸದ್ದು ಏರಿಸುತ್ತಿದ್ದರು. ಇಲ್ಲಿ ಒಬ್ಬ ಮನುಷ್ಯ ನಡುವಿಗೆ ಹಗ್ಗ ಕಟ್ಟಿಕೊಂಡು ಪ್ರತಿ ಮಾತಿಗೂ ಹೂಂ ಅನ್ನುತ್ತಿದ್ದ. ವಾರಕ್ಕೆ ಎರಡು ದಿನದ ಹಾಗೆ ಅವಳು ತನ್ನ ತವರಿನ ಇಡೀ ವಂಶಾವಳಿಯನ್ನು ಆ ಏಳು ಮೆಟ್ಟಿಲ ಕೆಳಗೆ ಇಳಿಸಿದಳು.

ಈ ವರ್ಷ ಯುಗಾದಿಯ ಮುಂಚಿನ ವಾರ ಅವಳು ಹೇಳುತ್ತಿದ್ದುದು ಅವಳ ದೊಡ್ಡವ್ವನ ಎಮ್ಮೆಯ ಕಥೆ. ದೊಡ್ಡವ್ವನ ಎಮ್ಮೆ ಚಂದ್ರಿಯನ್ನು ಯಾರೋ ಕದ್ದೊಯ್ದರು. ಮುದುಕಿ ಹದಿನೈದು ದಿನ ಊರೂರು ತಿರುಗಿ, ಕೊನೆಗೆ ಒಂದು ದನದ ಸಂತೆಗೆ ಬಂದಳು. ಇನ್ನೂರು ಎಮ್ಮೆ, ಎಲ್ಲವೂ ಕರಿಯವೇ. ಕಳ್ಳರು ಚಂದ್ರಿಯ ಕೊಂಬು ಹೆರೆದು ಎಣ್ಣೆ ಹಚ್ಚಿ ಗುರುತು ಸಿಗದಂತೆ ಮಾಡಿದ್ದರು. ಕಥೆ ಅಲ್ಲಿಗೆ ನಿಂತಿತ್ತು.

ಹಬ್ಬ ಬಂತೆಂದು ಜಯದೇವಿ ಆ ವಾರ ಒಂದು ದಿನ ಪಂಪ್ ರೂಮನ್ನೂ ಸ್ವಚ್ಛ ಮಾಡಿದಳು. ಯಾರೂ ಹೇಳಿರಲಿಲ್ಲ. ಇಮಾಮಣ್ಣ ಕೆಲಸ ಮಾಡುವ ಜಾಗ, ಅವನಿಗೂ ಹಬ್ಬ ಆಗಲಿ ಎಂದು. ಜೇಡರ ಬಲೆ ತೆಗೆದು, ಹಲಗೆ ಒರೆಸುವಾಗ ಮಗ್ಗಿನ ಕೆಂಪು ದಾರ ಕಣ್ಣಿಗೆ ಬಿತ್ತು. ನಮ್ಮ ಊರಿನಲ್ಲಿ ದಾರ ಅಂದರೆ ಬರೀ ದಾರವಲ್ಲವಲ್ಲ. ದರ್ಗಾದಿಂದ ತಂದದ್ದು ಮುಂಗೈಗೆ, ಗುಡಿಯಿಂದ ತಂದದ್ದು ತೊಟ್ಟಿಲಿಗೆ, ಆಟೋದ ಕನ್ನಡಿಗೆ, ಅಂಗಡಿಯ ತಕ್ಕಡಿಗೆ. ಇದೂ ಇಮಾಮಣ್ಣ ದರ್ಗಾದಿಂದ ತಂದು ಕಟ್ಟಿದ್ದು ಎಂದು ಅವಳು ಕಣ್ಣಿಗೆ ಒತ್ತಿಕೊಂಡಳು. ಒಂದಕ್ಕೆ ಆಶೀರ್ವಾದ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ಅವಳ ಮನಸ್ಸಿಗೆ ಸರಿಬರಲಿಲ್ಲ. ದಾರ ಬಿಚ್ಚಿ ಎರಡು ತುಂಡು ಮಾಡಿ ಎರಡೂ ಮಗ್ಗಿಗೆ ಕಟ್ಟಿದಳು. ಒಂದು ಮಗ್ಗಿನ ತಳದಲ್ಲಿ ಎರಡು ಬೆರಳಿನಷ್ಟು ಪುಡಿ ಉಳಿದಿತ್ತು. ಅದು ಅಣ್ಣನ ಔಷಧ ಎಂದು ಮುಟ್ಟದೆ ಹಾಗೇ ಇಟ್ಟಳು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಇಮಾಮುದ್ದೀನ್ ಇಳಿದ. ಮೇಲೆ ಜಯದೇವಿ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು ಕೂತಳು, ದೊಡ್ಡವ್ವ ಸಂತೆಯ ನಡುವೆ ನಿಂತಳು. ಅವನ ಕಣ್ಣು ಪಂಪಿನ ಮೀಟರಿನ ಮುಳ್ಳಿನ ಮೇಲಿತ್ತು, ಮನಸ್ಸು ಸಂತೆಯಲ್ಲಿತ್ತು. ಕೈ ಹಿಂದಕ್ಕೆ ಚಾಚಿ ಹಲಗೆ ತಡವಿದ. ಬೆರಳಿಗೆ ದಾರ ತಾಗಿತು. ಮೂಗಿದ್ದವನಾದರೆ ಮಗ್ಗು ಎತ್ತುತ್ತಲೇ ಪುಡಿಯ ವಾಸನೆ ಹೊಡೆಯುತ್ತಿತ್ತು. ಅವನು ಮಗ್ಗಿನೊಳಗೆ ನೋಡದೆಯೇ ಕ್ಯಾನಿನಿಂದ ಆಸಿಡ್ ಬಗ್ಗಿಸಿದ.

ಮಗ್ಗು ಬುಸ್ಸೆಂದಿತು. ಮುಖಕ್ಕೆ ಬಿಸಿ ಹೊಗೆ ರಾಚಿತು. ಕಣ್ಣು ಮುಚ್ಚಿಕೊಂಡವು, ಗಂಟಲು ಯಾರೋ ಹಿಸುಕಿದಂತೆ ಬಿಗಿಯಿತು. ಏಣಿ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದೆ ಅವನು ಗೋಡೆಗೆ ಹೋಗಿ ಬಡಿದ.

ಮೇಲೆ ಜಯದೇವಿ ಕಥೆಯ ನೆತ್ತಿಗೆ ಏರಿದ್ದಳು. “ಆಗ ನಮ್ಮ ದೊಡ್ಡವ್ವ ಸಂತಿ ನಡುವ ನಿಂತು, ಎದಿ ತುಂಬ ಉಸರ ತಗೊಂಡು, ಚಂದ್ರೀ ಅಂತ ಒಮ್ಮೆ ಕೂಗಿದಳು ನೋಡ್ರಿ,” ಎಂದು ನಿಲ್ಲಿಸಿದಳು. ಇಂಥ ಕಡೆ ಹೂಂ ಜೋರಾಗಿಯೇ ಬರಬೇಕು. ಬರಲಿಲ್ಲ. ಖಂಡೆಪ್ಪ ಹೇಳಿದ್ದು ಸುಳ್ಳಲ್ಲ, ಅವಳಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಬಗ್ಗಿದಳು. ಹಸಿರು ಹಳದಿ ಮಿಶ್ರದ ಹೊಗೆ, ಉಸಿರು ಸುಡುವ ವಾಸನೆ.

ಅವಳು ಇಳಿಯಲಿಲ್ಲ. ಇಳಿಯಬೇಕೆಂದು ಒಂದು ಕಾಲು ಏಣಿಯ ಮೇಲೆ ಇಟ್ಟಿದ್ದಳಂತೆ, ಇಳಿಯಬೇಡಿರೆಂದು ಅವನು ಎಷ್ಟು ಸಲ ಹೇಳಿದ್ದನೋ ಅಷ್ಟೂ ಸಲ ಒಮ್ಮೆಗೇ ನೆನಪಾಗಿ ಕಾಲು ತೆಗೆದಳು. ಗಿಡಕ್ಕೆಂದು ತಂದಿದ್ದ ನೀರಿನಲ್ಲಿ ಸೆರಗು ಅದ್ದಿ ಮೂಗಿಗೆ ಕಟ್ಟಿಕೊಂಡು, ಕಬ್ಬಿಣದ ಕಟಾಂಜನಕ್ಕೆ ಹಗ್ಗ ಸುತ್ತಿ, ಕಾಲು ಊರಿ ಎಳೆದಳು. ಬಾವಿಯಿಂದ ನೀರು ಸೇದಿ ಬೆಳೆದ ಕೈ. ಕುರುಡಾಗಿ ಗೋಡೆ ತಡಕುತ್ತಿದ್ದ ಇಮಾಮುದ್ದೀನನಿಗೆ ನಡು ಒಂದು ಕಡೆ ಜಗ್ಗಿತು. ಏಣಿ ಅಲ್ಲಿದೆ ಎಂದು ತಿಳಿಯಿತು. ಎರಡು ಮೆಟ್ಟಿಲು ಅವನು ಹತ್ತಿದ, ಉಳಿದ ಐದನ್ನು ಅವಳೂ, ಕೂಗು ಕೇಳಿ ಓಡಿಬಂದ ಗೇಟಿನವನೂ ಸೇರಿ ಹತ್ತಿಸಿದರು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಮುಖಕ್ಕೆ ಆಕ್ಸಿಜನ್. ಗಂಟಲು ಸುಟ್ಟಿದೆ, ಒಂದು ಮಾತೂ ಆಡಕೂಡದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಇಕ್ಬಾಲ್ ಬೇಗಂ ಪಕ್ಕದಲ್ಲಿ ಕೂತು ತಸ್ಬೀಹಿನ ಮಣಿ ಎಣಿಸುತ್ತಿದ್ದಳು. ಇಮಾಮುದ್ದೀನ್ ಮಲಗಿದಲ್ಲೇ ಒಂದೊಂದು ಉಸಿರನ್ನೂ ಎಳೆದುಕೊಂಡು, ಬಂತಲ್ಲ ಎಂದು ನೋಡಿಕೊಂಡು ಬಿಡುತ್ತಿದ್ದ. ಅಲ್ಲಾಹನ ನಂತರ ಅವನ ಮನಸ್ಸಿಗೆ ಬರುತ್ತಿದ್ದುದು ಒದ್ದೆ ಸೆರಗಿನ ಒಂದು ಮುಖ. ಅದಕ್ಕೆ ಶುಕ್ರಿಯಾ ಹೇಳುವುದು ಹೇಗೆ ಎಂಬುದೇ ಅವನಿಗೆ ಚಿಂತೆಯಾಗಿತ್ತು.

ಮೂರನೆಯ ದಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಶೀಲಾ ಬಾಯಿ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಪ್ರತಿಯೊಂದಕ್ಕೂ ಕಾರಣ ಬೇಕು ಅವರಿಗೆ. ಅವರ ಹಿಂದೆ ಜಯದೇವಿ ಬಾಗಿಲ ಹತ್ತಿರವೇ ನಿಂತಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ದಾರದ ವಿಷಯ ಅವಳೇ ಎಲ್ಲರ ಮುಂದೆ ಹೇಳಿದ್ದಳು. ಪ್ರಾಣ ಉಳಿಸಿದ್ದು ನಿಜ, ಆದರೆ ಪ್ರಾಣಕ್ಕೆ ಸಂಚಕಾರ ತಂದವಳೂ ಅವಳೇ, ಅವಳನ್ನು ಕೆಲಸದಿಂದ ಬಿಡಿಸಬೇಕು ಎಂದು ಕಮಿಟಿಯವರು ತೀರ್ಮಾನ ಮಾಡಿದ್ದರು. ಶೀಲಾ ಬಾಯಿ ಇದನ್ನು ಇಮಾಮುದ್ದೀನನಿಗೆ ತಿಳಿಸಲು ಬಂದಿದ್ದರು. ಕೊನೆಗೆ, ತಮಗೆ ಒಂದೇ ಒಂದು ಅರ್ಥವಾಗುತ್ತಿಲ್ಲ ಎಂದರು. ಮಗ್ಗಿನಲ್ಲಿ ಅಷ್ಟು ಪುಡಿ ಇರುವಾಗ ನಿಮ್ಮಂಥ ಮೂಗಿನವರಿಗೆ ವಾಸನೆ ಹೇಗೆ ತಿಳಿಯಲಿಲ್ಲ?

ಸುಮ್ಮನಿದ್ದರೆ ಸಾಕಿತ್ತು. ಡಾಕ್ಟರೇ ಮಾತಾಡಬೇಡ ಎಂದಿದ್ದರು. ಇವನ ಕೆಲಸ ಇವನಿಗೆ, ದಾರದ ತಪ್ಪು ಅವಳಿಗೆ. ಇಕ್ಬಾಲ್ ಬೇಗಂ ತಸ್ಬೀಹ್ ನಿಲ್ಲಿಸಿ ಗಂಡನ ಮುಖ ನೋಡಿದಳು. ಇಮಾಮುದ್ದೀನ್ ಬಾಗಿಲ ಕಡೆ ನೋಡಿದ. ನಾಲ್ಕು ವರ್ಷ ಆ ಹೆಣ್ಣುಮಗಳು ಮೇಲೆ ಕೂತಿದ್ದಳು, ನಾಲ್ಕು ವರ್ಷ ಇವನು ಪ್ರತಿಯೊಂದಕ್ಕೂ ಹೂಂ ಅಂದಿದ್ದ, ಹೇಳಬೇಕಾದ ಒಂದನ್ನು ಬಿಟ್ಟು. ಅವನಿಗೆ ನಾಚಿಕೆಯಾಯಿತು. ಪೆನ್ನು ಬೇಕೆಂದು ಕೈಸನ್ನೆ ಮಾಡಿದ.

ಔಷಧದ ಚೀಟಿಯ ಹಿಂದೆ, ಏಳನೆಯ ತರಗತಿಯ ದುಂಡಗಿನ ಅಕ್ಷರದಲ್ಲಿ ಬರೆದ: ‘ನನಗೆ ವಾಸನೆ ಬರೋದಿಲ್ಲ. ಕೊರೋನಾದಾಗ ಹೋಯಿತು. ಕೆಲಸ ಹೋಗುತ್ತದೆ ಎಂದು ಹೇಳಲಿಲ್ಲ. ದಾರ ನನ್ನ ಗುರುತು, ಅವರಿಗೆ ತಿಳಿಸಿರಲಿಲ್ಲ. ತಪ್ಪು ನನ್ನದು. ಜಯಕ್ಕನನ್ನು ಬಿಡಿಸಬೇಡಿ.’

ಶೀಲಾ ಬಾಯಿ ಎರಡು ಸಲ ಓದಿದರು. “ಅಂದ್ರ ನಾಕ ವರ್ಷ ನಮಗೆಲ್ಲ ಸುಳ್ಳ ಹೇಳೀರಿ,” ಎಂದರು. ಅವನು ಹೌದೆಂದು ತಲೆಯಾಡಿಸಿದ. ಅವರು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡು ಎದ್ದು ಹೋದರು. ಜಯದೇವಿಯೂ ಅವರ ಹಿಂದೆ ಹೋದಳು.

ಗಂಟಲು ವಾಸಿಯಾದ ಮೇಲೆ ಇಮಾಮುದ್ದೀನ್ ಉಳಿದ ಎರಡು ಕಡೆಯೂ ತಾನೇ ಹೋಗಿ ಹೇಳಿದ. ಶಾಲೆಯವರು ಕುರ್ಚಿ ಕೊಟ್ಟು, ಚಹಾ ಕೊಟ್ಟು, ಮಕ್ಕಳ ವಿಷಯ ನೋಡಿ ಎಂದು ಕೆಲಸ ಬಿಡಿಸಿದರು. ಅವರದೂ ತಪ್ಪಿಲ್ಲ. ಕಮಲಾಪುರದ ಗುತ್ತಿಗೆದಾರರು ಮಾತ್ರ, ಹಾವಿಗೇನು ವಾಸನೆ ಇರುತ್ತದೆಯೇ, ನೀವು ಬರ್ರಿ ಇಂಜಿನಿಯರ್ ಸಾಹೇಬರೇ ಎಂದರು. ಪುಡಿಗೊಂದು ಕೋಣೆ, ಆಸಿಡ್ಡಿಗೊಂದು ಕೋಣೆ ಬೇರೆ ಮಾಡಿಸಿಕೊಟ್ಟರು.

ಆ ದಿನವೇ ಅವನು ಖಂಡೆಪ್ಪನ ಮನೆಗೂ ಹೋದ. ಎಂಬತ್ತು ದಾಟಿದ ಮುದುಕ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದ, ಒಂದೊಂದು ಮಾತಿಗೂ ಹೂಂ ಅನ್ನುತ್ತ. ಮುಗಿದ ಮೇಲೆ ತಂಬಾಕು ಉಗುಳಿ ಹೇಳಿದ. “ಮೂಗ ಹೋದ್ರ ಹೋಗ್ಲಿ, ಇಮಾಮ. ನನಗ ಹಲ್ಲ ಹೋಗ್ಯಾವ. ಮ್ಯಾಲ ಕುಂತಾಕಿ ಮುಂದ ಮುಚ್ಚಿಟ್ಟಿದ್ದು ಅದ ನೋಡು, ಅದಕ್ಕ ನಿನ್ನ ಕಿವಿ ಇನ್ನೊಮ್ಮೆ ಹಿಂಡಬೇಕು.” ಇಮಾಮುದ್ದೀನ್ ಬಗ್ಗಿ ಕಿವಿ ಕೊಟ್ಟ. ಮುದುಕ ಹಿಂಡಿದ, ಕೈಯಲ್ಲಿ ಶಕ್ತಿ ಇರಲಿಲ್ಲ. ಆಮೇಲೆ ಒಳಗಿನಿಂದ ಒಂದು ಚಿಪ್ಪು ಕೆಂಪು ಬಾಳೆ ತರಿಸಿ, ಆಕೆಗೆ ಕೊಡು ಎಂದು ಕೊಟ್ಟ.

ಮರುದಿನ, ಅಪಘಾತವಾಗಿ ಇಪ್ಪತ್ತು ದಿನವಾದ ಮೇಲೆ, ಸೇಡಂ ರಸ್ತೆಯಿಂದ ಕರೆ ಬಂತು. ಶೀಲಾ ಬಾಯಿ ಕಮಿಟಿಯವರ ಜೊತೆ ಮೂರು ಸಲ ಜಗಳ ಮಾಡಿದ್ದರೆಂದು ಗೇಟಿನವನು ಹೇಳಿದ. ಪಂಪ್ ರೂಮಿನಲ್ಲಿ ಗಾಳಿ ಹೊರಹಾಕುವ ಫ್ಯಾನು ಬಂದಿತ್ತು, ಹೊಗೆ ತಡೆಯುವ ಮಾಸ್ಕ್ ಬಂದಿತ್ತು. ಆಸಿಡ್ ಮೇಲಿನ ಶೆಡ್ಡಿಗೆ ಹೋಗಿತ್ತು, ಅದರ ಮಗ್ಗು ಚೌಕ, ಪುಡಿಯ ಮಗ್ಗು ದುಂಡು. ಇಮಾಮುದ್ದೀನ್ ಇಳಿಯುವ ದಿನ ಜಯದೇವಿಗೆ ಕಸದ ಕೆಲಸ ಇಲ್ಲ, ಮೇಲೆ ಕೂರುವುದೇ ಅವಳ ಕೆಲಸ ಎಂದು ಶೀಲಾ ಬಾಯಿ ನೋಟೀಸ್ ಬೋರ್ಡಿಗೆ ಹಚ್ಚಿಸಿದ್ದರು.

ಜಯದೇವಿ ಬಾಳೆಹಣ್ಣು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಹಗ್ಗ ತಾನೇ ಬಿಗಿದಳು, ಗಂಟು ಎರಡು ಸಲ ಜಗ್ಗಿ ನೋಡಿದಳು. ಇಮಾಮುದ್ದೀನ್ ಏಣಿಗೆ ಕಾಲಿಡುವ ಮೊದಲು ನಿಂತ.

“ಜಯಕ್ಕಾ, ನನಗ ವಾಸನಿ ಬರಂಗಿಲ್ರಿ,” ಎಂದ. ಅವಳಿಗೆ ಗೊತ್ತಿದ್ದದ್ದೇ. ಆದರೂ ಬಾಯಿಂದ ಹೇಳಬೇಕಾಗಿತ್ತು. “ಇವತ್ತ ಸ್ವಲ್ಪ ಅಂಜಿಕೀನೂ ಅದ.”

“ನನಗೂ ಅದ, ಇಮಾಮಣ್ಣ,” ಎಂದಳು ಜಯದೇವಿ. “ಇಳೀರಿ. ಹಗ್ಗ ನನ್ನ ಕೈಯಾಗ ಅದ.”

ಅವನು ಏಳು ಮೆಟ್ಟಿಲು ಇಳಿದ. ಮೇಲೆ ಸದ್ದಿರಲಿಲ್ಲ. ಪಂಪು ಗುಂಯ್ ಎನ್ನುತ್ತಿತ್ತು. ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ತಿಳಿಯುತ್ತಿಲ್ಲವೆಂದು ಅವನಿಗೆ ತಿಳಿಯಿತು.

“ದೊಡ್ಡವ್ವ ಸಂತ್ಯಾಗ ನಿಂತು ಚಂದ್ರೀ ಅಂತ ಕೂಗಿದಳ್ರಿ,” ಎಂದು ಕೆಳಗಿನಿಂದ ಅವನೇ ನೆನಪಿಸಿದ. “ಆಮ್ಯಾಲ ಏನಾತು?”

ಜಯದೇವಿ ಗಂಟಲು ಸರಿಮಾಡಿಕೊಂಡಳು. “ಇಡೀ ಸಂತಿ ಸುಮ್ಮನಾತ್ರಿ. ಆಮ್ಯಾಲ ಯಾಪಾರದವರು ಮುದುಕಿಗಿ ನಗಾಕತ್ತಿದ್ರು. ಅಷ್ಟ್ರಾಗ ಆ ಇನ್ನೂರು ಎಮ್ಮಿ ನಡುವಿಂದ ಒಂದು ಎಮ್ಮಿ ಓ ಅಂತ್ರಿ.”

“ಹೂಂ,” ಎಂದ ಇಮಾಮುದ್ದೀನ್. ಆ ದಿನ ಅನ್ನಲಾಗದೆ ಉಳಿದದ್ದನ್ನೂ ಸೇರಿಸಿ ಇನ್ನೊಮ್ಮೆ ಜೋರಾಗಿ ಹೂಂ ಎಂದು, ಕೆಲಸಕ್ಕೆ ಕೈ ಹಾಕಿದ.